ಬೂಷ್ಟಿನ ಬೀಜಾಣು ಒಳಹೊಕ್ಕಾಗ ರಕ್ಷಣಾ ಕೋಶಗಳು ಮಾಡುವ ಕೆಲಸ, ಹಂತ ಹಂತವಾಗಿ

ಆಸ್ಪರ್‌ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿನ ಬೀಜಾಣುವಿನ ಅಡ್ಡಳತೆ 2ರಿಂದ 3 ಮೈಕ್ರೊಮೀಟರ್ ಮಾತ್ರ. ಕೊಳೆಯುವ ಎಲೆಗಳಿಂದಲೂ ಮಣ್ಣಿನಿಂದಲೂ ಎದ್ದು ಗಾಳಿಯಲ್ಲಿ ತೇಲುವ ಈ ಕಣ, ಮೂಗಿನ ಕೂದಲನ್ನೂ ಶ್ವಾಸನಾಳದ ಲೋಳೆಯನ್ನೂ ತಪ್ಪಿಸಿಕೊಂಡು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೆ ಇಳಿಯಬಲ್ಲಷ್ಟು ಸಣ್ಣದು. ನಾವೆಲ್ಲರೂ ದಿನಕ್ಕೆ ಇಂಥ ನೂರಾರು ಬೀಜಾಣುಗಳನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತೇವೆ. ಆದರೂ ಬಹುಪಾಲು ಜನರಿಗೆ ಒಂದು ಕೆಮ್ಮೂ ಬರುವುದಿಲ್ಲ. ಏನೂ ಆಗಲಿಲ್ಲವೆಂದು ನಾವು ಭಾವಿಸುವ ಆ ಹೊತ್ತಿನಲ್ಲಿ ದೇಹದೊಳಗೆ ಏನೇನು ನಡೆಯುತ್ತದೆ ಎಂಬುದನ್ನು, ನಡೆಯುವ ಕ್ರಮದಲ್ಲಿಯೇ ಇಲ್ಲಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಬೂಷ್ಟು, ಯೀಸ್ಟ್ ಎಲ್ಲವೂ ಸೇರುವ ಶಿಲೀಂಧ್ರ ವರ್ಗ, ಬ್ಯಾಕ್ಟೀರಿಯಾಕ್ಕೆ ಹೋಲಿಸಿದರೆ ನಮಗೆ ಬಹಳ ಹತ್ತಿರದ ನಂಟ. ಅದರ ಕೋಶಕ್ಕೂ ನಮ್ಮ ಕೋಶದಂತೆಯೇ ಕೋಶಕೇಂದ್ರವಿದೆ, ಮೈಟೊಕಾಂಡ್ರಿಯವಿದೆ, ಒಳಗಿನ ಯಂತ್ರಾಂಗವೂ ಬಹುಮಟ್ಟಿಗೆ ಒಂದೇ ಬಗೆಯದು. ಶಿಲೀಂಧ್ರವನ್ನು ಕೊಂದು ರೋಗಿಯನ್ನು ಉಳಿಸುವ ಔಷಧಗಳು ಕಡಿಮೆ ಇರುವುದಕ್ಕೆ ಕಾರಣವೂ ಇದೇ. ಎದ್ದು ಕಾಣುವ ವ್ಯತ್ಯಾಸವೆಂದರೆ ಕೋಶಭಿತ್ತಿ. ಕೈಟಿನ್, ಬೀಟಾ ಗ್ಲುಕಾನ್ ಮತ್ತು ಮ್ಯಾನನ್ ಎಂಬ ಸಕ್ಕರೆಯ ಸರಪಳಿಗಳಿಂದ ಕಟ್ಟಿದ ಇಂಥ ಗೋಡೆ ಮನುಷ್ಯನ ಯಾವ ಕೋಶಕ್ಕೂ ಇಲ್ಲ. ಮುಂದೆ ಹೇಳುವ ಪತ್ತೆಗಾರಿಕೆಯೆಲ್ಲ ಹೆಚ್ಚಾಗಿ ಈ ಗೋಡೆಯನ್ನೇ ನಂಬಿಕೊಂಡಿದೆ.

ಮೊದಲ ಹಂತ: ಗುರುತು ಹಿಡಿಯುವುದು

ಗಾಳಿಚೀಲಗಳಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಸದಾ ಕಾವಲಿರುತ್ತವೆ. ಅವುಗಳ ಮೈಮೇಲೆ ನೆಟ್ಟಿರುವ ಗ್ರಾಹಕಗಳಲ್ಲಿ ಡೆಕ್ಟಿನ್-1 ಎಂಬುದು ಬೀಟಾ ಗ್ಲುಕಾನನ್ನು ಹಿಡಿಯುತ್ತದೆ. ಇದು ಆ ಕೆಲಸ ಮಾಡುತ್ತದೆಂದು 2001ರಲ್ಲಿ ತಿಳಿದುಬಂತು. ಮ್ಯಾನನ್ ಹಿಡಿಯಲು ಡೆಕ್ಟಿನ್-2 ಮೊದಲಾದ ಬೇರೆ ಗ್ರಾಹಕಗಳಿವೆ. ಟಾಲ್ ಎಂಬ ಗ್ರಾಹಕದ ಮಹತ್ವ ಗೊತ್ತಾದದ್ದೂ ಬೂಷ್ಟಿನ ಮೂಲಕವೇ: 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಾಲಯದಲ್ಲಿ, ಟಾಲ್ ಕೆಟ್ಟಿದ್ದ ಹಣ್ಣಿನ ನೊಣಗಳು ಆಸ್ಪರ್‌ಜಿಲಸ್ ಸೋಂಕಿಗೆ ಸಿಕ್ಕಿ, ಮೈತುಂಬ ಬೂಷ್ಟು ಬೆಳೆದು ಸತ್ತವು. ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ಶಿಲೀಂಧ್ರ ತನ್ನ ಗೋಡೆಯನ್ನು ಹಾಗೆಯೇ ತೋರಿಸಿಕೊಂಡು ಬರುವುದಿಲ್ಲ. ಮಲಗಿರುವ ಆಸ್ಪರ್‌ಜಿಲಸ್ ಬೀಜಾಣುವಿನ ಮೇಲೆ ನೀರು ಅಂಟದ ಪ್ರೋಟೀನಿನ ಹೊದಿಕೆ, ಅದರಡಿ ಮೆಲನಿನ್ ಬಣ್ಣದ ಪದರ ಇರುತ್ತವೆ; ಬೀಟಾ ಗ್ಲುಕಾನ್ ಇರುವುದು ಇವೆರಡರ ಅಡಿಯಲ್ಲಿ. ಬೀಜಾಣು ತೇವ ಹೀರಿ, ಉಬ್ಬಿ, ಮೊಳೆಯಲು ಹೊರಟಾಗ ಹೊದಿಕೆ ಒಡೆಯುತ್ತದೆ, ಗ್ಲುಕಾನ್ ಬಯಲಾಗುತ್ತದೆ, ಡೆಕ್ಟಿನ್-1 ಅದನ್ನು ಹಿಡಿಯುತ್ತದೆ. ಇದನ್ನು ಕೇವಲ ಬೂಷ್ಟಿನ ಕುತಂತ್ರವೆಂದು ನೋಡುವುದು ಅಷ್ಟು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ದಿನಕ್ಕೆ ನೂರಾರು ಸಲ ಬಂದು ಬೀಳುವ ಪ್ರತಿಯೊಂದು ಮಲಗಿದ ಬೀಜಾಣುವಿಗೂ ರಕ್ಷಣಾ ಕೋಶಗಳು ಕೆರಳಿದರೆ ಶ್ವಾಸಕೋಶ ಸದಾ ಉರಿಯೂತದಲ್ಲಿಯೇ ಇರಬೇಕಾಗುತ್ತಿತ್ತು. ಮೊಳೆಯುವುದಕ್ಕೆ ಮಾತ್ರ ಎಚ್ಚೆತ್ತುಕೊಳ್ಳುವ ಈ ಏರ್ಪಾಡಿನಿಂದ ನಮಗೂ ಲಾಭವೇ ಇದೆ.

ಇದರ ಜೊತೆಗೆ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಶಿಲೀಂಧ್ರದ ಮೈಗೆ ಅಂಟಿಕೊಂಡು ಗುರುತು ಹಾಕುತ್ತವೆ. ಕೆಲವು ಬ್ಯಾಕ್ಟೀರಿಯಾಗಳನ್ನು ಇವೇ ಪ್ರೋಟೀನುಗಳು ತೂತು ಮಾಡಿ ಕೊಲ್ಲಬಲ್ಲವು; ಶಿಲೀಂಧ್ರದ ದಪ್ಪ ಗೋಡೆಯ ಮುಂದೆ ಅದು ನಡೆಯದು. ಕೊಲ್ಲುವ ಕೆಲಸವನ್ನು ಕೋಶಗಳೇ ಮಾಡಬೇಕು.

ಎರಡನೆಯ ಹಂತ: ನುಂಗಿ ಅರಗಿಸುವುದು

ನುಂಗುವ ಕೋಶಗಳು ದೇಹವನ್ನು ಕಾಯುತ್ತವೆ ಎಂಬ ವಿಚಾರಕ್ಕೆ ಬಲವಾದ ಆಧಾರ ಸಿಕ್ಕಿದ್ದೂ ಒಂದು ಶಿಲೀಂಧ್ರದ ಸೋಂಕಿನಲ್ಲಿಯೇ. ಇಲ್ಯಾ ಮೆಚ್ನಿಕೊವ್ 1884ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರದರ್ಶಕ ಮೈಯ ನೀರುಚಿಗಟದ ಕರುಳನ್ನು ಯೀಸ್ಟ್ ಒಂದರ ಸೂಜಿಯಂಥ ಬೀಜಾಣು ಚುಚ್ಚಿ ಒಳಹೊಕ್ಕಾಗ, ಅದರ ರಕ್ತಕಣಗಳು ಮುತ್ತಿಕೊಂಡು ಅದನ್ನು ನುಂಗುವುದನ್ನು ವಿವರಿಸಿದರು. ರಕ್ತಕಣ ಗೆದ್ದಲ್ಲಿ ಪ್ರಾಣಿ ಬದುಕಿತು, ಸೋತಲ್ಲಿ ಸತ್ತಿತು. 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಪಾಲ್ ಎರ್ಲಿಶ್ ಅವರೊಂದಿಗೆ ಹಂಚಿಕೊಂಡರು.

ಮ್ಯಾಕ್ರೊಫೇಜ್ ಬೀಜಾಣುವನ್ನು ತನ್ನ ಪೊರೆಯಿಂದ ಸುತ್ತಿ ಒಂದು ಚೀಲದೊಳಗೆ ಇರಿಸಿಕೊಳ್ಳುತ್ತದೆ; ಆಮ್ಲವೂ ಕಿಣ್ವಗಳೂ ಆ ಚೀಲಕ್ಕೆ ಸುರಿಯುತ್ತವೆ. ಒಂದೆರಡು ಬೀಜಾಣುಗಳಾದರೆ ಕೆಲಸ ಇಲ್ಲಿಗೇ ಮುಗಿಯಬಹುದು. ಹೆಚ್ಚಾದರೆ ಅದು ರಾಸಾಯನಿಕ ಸಂದೇಶಗಳನ್ನು ಹೊರಬಿಟ್ಟು ರಕ್ತದಿಂದ ನ್ಯೂಟ್ರೊಫಿಲ್‌ಗಳನ್ನು ಕರೆಸುತ್ತದೆ. ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿಯಷ್ಟು ತಯಾರಿಸುವ ಈ ಅಲ್ಪಾಯುಷಿ ಬಿಳಿ ಕಣಗಳೇ ಬೂಷ್ಟಿನ ವಿರುದ್ಧದ ಮುಖ್ಯ ಪಡೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವದ ಸಹಾಯದಿಂದ ಅವು ಆಮ್ಲಜನಕವನ್ನು ಸೂಪರಾಕ್ಸೈಡ್ ಆಗಿ, ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಕೊನೆಗೆ ಬಟ್ಟೆ ಬಿಳುಪು ಮಾಡುವ ದ್ರಾವಣದಲ್ಲಿರುವಂಥದೇ ಹೈಪೊಕ್ಲೋರಸ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಕಾಯಿಲೆಯವರಿಗೆ ಆಸ್ಪರ್‌ಜಿಲಸ್ ಸೋಂಕು ಮತ್ತೆ ಮತ್ತೆ ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆಯಿಂದ ನ್ಯೂಟ್ರೊಫಿಲ್ ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದು ಹಲವು ದಿನ ಅಲ್ಲಿಯೇ ನಿಂತರೆ ವೈದ್ಯರು ಬೂಷ್ಟಿನ ಸೋಂಕಿಗಾಗಿ ಕಣ್ಣಿಟ್ಟು ಕಾಯುವುದೂ ಇದಕ್ಕಾಗಿಯೇ.

ಮೂರನೆಯ ಹಂತ: ನುಂಗಲಾಗದ್ದಕ್ಕೆ ಬಲೆ ಬೀಸುವುದು

ಬೀಜಾಣು ಮೊಳೆತು ಎಳೆಯಾಯಿತೆಂದರೆ ಲೆಕ್ಕ ಬದಲಾಗುತ್ತದೆ. ನ್ಯೂಟ್ರೊಫಿಲ್‌ನ ಅಡ್ಡಳತೆ 12ರಿಂದ 15 ಮೈಕ್ರೊಮೀಟರ್. ಬೂಷ್ಟಿನ ಎಳೆ ಅದರ ಹಲವು ಪಟ್ಟು ಉದ್ದ ಬೆಳೆಯುತ್ತದೆ. ಆಗ ಕೋಶಗಳು ಎಳೆಯ ಮೈಗೆ ಸಾಲಾಗಿ ಅಂಟಿಕೊಂಡು ವಿಷವನ್ನು ಹೊರಗಿನಿಂದಲೇ ಸುರಿಯುತ್ತವೆ. ಅದೂ ಸಾಲದಿದ್ದರೆ ನ್ಯೂಟ್ರೊಫಿಲ್ ತನ್ನ ಕೋಶಕೇಂದ್ರದ ಡಿಎನ್ಎಯನ್ನೇ ಬಿಡಿಸಿ, ಕಿಣ್ವಗಳನ್ನು ಅಂಟಿಸಿ, ಬಲೆಯಂತೆ ಹೊರಕ್ಕೆ ಎಸೆಯುತ್ತದೆ. ಸಾಮಾನ್ಯವಾಗಿ ಆ ಕೋಶ ಅಲ್ಲಿಗೆ ಸಾಯುತ್ತದೆ. ಈ ಬಲೆಯನ್ನು ವಿಜ್ಞಾನಿಗಳು ಮೊದಲು ವಿವರಿಸಿದ್ದು 2004ರಲ್ಲಿ. ಬಲೆಯಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಸತುವನ್ನೂ ಮ್ಯಾಂಗನೀಸನ್ನೂ ಹಿಡಿದಿಟ್ಟುಕೊಂಡು ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ.

ಬಲೆ ಬೀಸಬೇಕೋ ಬೇಡವೋ ಎಂದು ಕೋಶ ತೀರ್ಮಾನಿಸುವುದು ಹೇಗೆ? ಎದುರಿಗಿರುವುದರ ಗಾತ್ರ ನೋಡಿ ಎಂದು 2014ರ ಒಂದು ಅಧ್ಯಯನ ತೋರಿಸಿಕೊಟ್ಟಿತು. ಸಣ್ಣ ಯೀಸ್ಟ್ ಕಣವಾದರೆ ನುಂಗುತ್ತದೆ, ಮತ್ತು ನುಂಗುವ ಕ್ರಿಯೆಯೇ ಬಲೆಯನ್ನು ತಡೆಯುತ್ತದೆ. ಎಳೆಯನ್ನು ನುಂಗಲಾಗದೆ ಹೋದಾಗ ಆ ತಡೆ ಸಡಿಲಗೊಳ್ಳುತ್ತದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಭಾಗವಿದು. ಬಲೆಯಿಂದ ನಮ್ಮ ಅಂಗಾಂಶಕ್ಕೂ ಹಾನಿಯಾಗುವುದರಿಂದ, ಅಳೆದು ನೋಡದೆ ಬೀಸುವುದು ಮನೆಯನ್ನೇ ಸುಟ್ಟು ಇಲಿ ಹಿಡಿದಂತಾದೀತು.

ನಾಲ್ಕನೆಯ ಹಂತ: ಟಿ ಕೋಶಗಳಿಗೆ ಸುದ್ದಿ ಮುಟ್ಟಿಸುವುದು

ಈ ನಡುವೆ ಡೆಂಡ್ರಿಟಿಕ್ ಕೋಶಗಳು ಶಿಲೀಂಧ್ರದ ತುಣುಕುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿ ಅವು ತುಣುಕಿನೊಡನೆ ಕೊಡುವ ಸಂದೇಶಕ್ಕೆ ತಕ್ಕಂತೆ ಸಹಾಯಕ ಟಿ ಕೋಶಗಳು, ಅಂದರೆ ಇತರ ರಕ್ಷಣಾ ಕೋಶಗಳನ್ನು ಹುರಿದುಂಬಿಸುವ ಬಿಳಿ ಕಣಗಳು, ಬೇರೆ ಬೇರೆ ಬಗೆಯಾಗಿ ಪಳಗುತ್ತವೆ. ಟಿಎಚ್1 ಬಗೆಯವು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೋಟೀನನ್ನು ಸುರಿಸಿ, ನುಂಗಿದ್ದನ್ನು ಕೊಲ್ಲುವ ಶಕ್ತಿಯನ್ನು ಮ್ಯಾಕ್ರೊಫೇಜ್‌ಗಳಲ್ಲಿ ಹೆಚ್ಚಿಸುತ್ತವೆ. ಟಿಎಚ್17 ಬಗೆಯವು ಇಂಟರ್‌ಲ್ಯೂಕಿನ್-17 ಎಂಬ ಇನ್ನೊಂದು ಸಂದೇಶವಾಹಕದ ಮೂಲಕ ನ್ಯೂಟ್ರೊಫಿಲ್‌ಗಳನ್ನು ಇನ್ನಷ್ಟು ಕರೆಸುತ್ತವೆ, ಲೋಳೆಪೊರೆಯಿಂದ ಶಿಲೀಂಧ್ರನಾಶಕ ಪ್ರೋಟೀನುಗಳು ಒಸರುವಂತೆ ಮಾಡುತ್ತವೆ. ಈ ಇಂಟರ್‌ಲ್ಯೂಕಿನ್-17ರ ದಾರಿ ಹುಟ್ಟಿನಿಂದಲೇ ಮುರಿದಿರುವವರಿಗೆ ಬಾಯಿ, ಉಗುರು, ಚರ್ಮದ ಮೇಲೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಿಡದೆ ಕಾಡುತ್ತದೆ.

ಕ್ಯಾಂಡಿಡಾ ಆಲ್ಬಿಕನ್ಸ್ ಆರೋಗ್ಯವಂತರ ಬಾಯಲ್ಲೂ ಕರುಳಲ್ಲೂ ದುಂಡು ಯೀಸ್ಟ್ ಆಗಿ ಸುಮ್ಮನಿರುವ ನಿವಾಸಿಯೂ ಹೌದು. ಅದು ಎಳೆ ಬಿಟ್ಟು ಲೋಳೆಪೊರೆಯನ್ನು ಚುಚ್ಚುವಾಗ ಕ್ಯಾಂಡಿಡಲೈಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಇದನ್ನು 2016ರಲ್ಲಿ ಗುರುತಿಸಲಾಯಿತು. ಲೋಳೆಪೊರೆಯ ಕೋಶಗಳು ಆ ವಿಷದ ಪೆಟ್ಟನ್ನೇ ಎಚ್ಚರಿಕೆಯ ಗಂಟೆಯಾಗಿ ಬಳಸಿಕೊಂಡು ರಕ್ಷಣಾ ಕೋಶಗಳನ್ನು ಕೂಗುತ್ತವೆ. ಆಯುಧವೇ ಅಪರಾಧಿಯನ್ನು ಹಿಡಿದುಕೊಡುತ್ತದೆ.

ಐದನೆಯ ಹಂತ: ನಿಲ್ಲಿಸುವುದು

ಎಲ್ಲ ಶಿಲೀಂಧ್ರವೂ ಹೀಗೆ ಸಿಕ್ಕಿಬೀಳುವುದಿಲ್ಲ. ಕ್ರಿಪ್ಟೊಕಾಕಸ್ ತನ್ನ ಸುತ್ತ ಸಕ್ಕರೆಯ ದಪ್ಪ ಕವಚ ಕಟ್ಟಿಕೊಳ್ಳುತ್ತದೆ. ನುಂಗಿಸಿಕೊಂಡರೂ ಮ್ಯಾಕ್ರೊಫೇಜ್‌ನೊಳಗೇ ಬದುಕಿ ಬೆಳೆಯಬಲ್ಲದು, ಕೆಲವೊಮ್ಮೆ ಆ ಕೋಶವನ್ನು ಕೊಲ್ಲದೆಯೇ ಹೊರಬರಬಲ್ಲದು. ಇಂಥದನ್ನು ಹದ್ದುಬಸ್ತಿನಲ್ಲಿಡಲು ಟಿ ಕೋಶಗಳ ನೆರವು ಬೇಕೇ ಬೇಕು. ಎಚ್‌ಐವಿ ಸೋಂಕಿನಲ್ಲಿ ಸಿಡಿ4 ಕೋಶಗಳ (ಸಹಾಯಕ ಟಿ ಕೋಶಗಳ) ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತಕ್ಕೆ 100ಕ್ಕಿಂತ ಕೆಳಗಿಳಿದವರಲ್ಲಿ ಅದು ಮಿದುಳಿನ ಪೊರೆಗೆ ಹಬ್ಬುವ ಅಪಾಯ ಹೆಚ್ಚುವುದು ಆ ನೆರವು ಇಲ್ಲದ್ದರಿಂದ.

ಶಿಲೀಂಧ್ರ ತೊಲಗಿದ ಮೇಲೆ ಸತ್ತ ನ್ಯೂಟ್ರೊಫಿಲ್‌ಗಳನ್ನು ಮ್ಯಾಕ್ರೊಫೇಜ್‌ಗಳು ನುಂಗಿ ಜಾಗ ಶುಚಿ ಮಾಡುತ್ತವೆ. ನಿಯಂತ್ರಕ ಟಿ ಕೋಶಗಳು ಇಂಟರ್‌ಲ್ಯೂಕಿನ್-10ರಂಥ ಸಂದೇಶಗಳಿಂದ ಉರಿಯೂತವನ್ನು ತಣಿಸುತ್ತವೆ. ಈ ಹಂತ ತಪ್ಪಿದರೆ ಕಾಯಿಲೆಯ ಸ್ವರೂಪವೇ ಬೇರೆ. ಅಸ್ತಮಾ ಇರುವ ಕೆಲವರಲ್ಲಿ ಸಹಾಯಕ ಟಿ ಕೋಶಗಳ ಮತ್ತೊಂದು ಬಗೆಯಾದ ಟಿಎಚ್2ರ ಪ್ರತಿಕ್ರಿಯೆ ಮೇಲುಗೈ ಪಡೆದು, ಶ್ವಾಸನಾಳದಲ್ಲಿ ನೆಲೆಸಿದ ಆಸ್ಪರ್‌ಜಿಲಸ್ ವಿರುದ್ಧ ಅಲರ್ಜಿ ಬೆಳೆಯುತ್ತದೆ. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟು ರಕ್ಷಣಾ ಕೋಶಗಳನ್ನು ಸುಮ್ಮನಾಗಿಸಬೇಕಾಗುತ್ತದೆ. ಅದೇ ಸ್ಟೀರಾಯ್ಡನ್ನು ಬೇರೆ ಕಾರಣಕ್ಕಾಗಿ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಳ್ಳುವವರ ಶ್ವಾಸಕೋಶಕ್ಕೆ ಅದೇ ಬೂಷ್ಟು ಆಳವಾಗಿ ನುಗ್ಗಬಲ್ಲದು. ಕ್ರಿಪ್ಟೊಕಾಕಸ್ ಮಿದುಳುಪೊರೆಯ ಉರಿಯೂತವಿರುವ ಎಚ್‌ಐವಿ ರೋಗಿಗೆ ವೈರಸ್ ವಿರುದ್ಧದ ಔಷಧವನ್ನು ತಕ್ಷಣ ಆರಂಭಿಸದೆ, ಶಿಲೀಂಧ್ರದ ಚಿಕಿತ್ಸೆ ಶುರುವಾಗಿ 4ರಿಂದ 6 ವಾರ ಕಳೆಯುವವರೆಗೆ ಕಾಯುತ್ತಾರೆ. ಬೇಗನೆ ಚೇತರಿಸಿಕೊಂಡ ಟಿ ಕೋಶಗಳು ಮಿದುಳಿನಲ್ಲಿ ಉಳಿದಿರುವ ಶಿಲೀಂಧ್ರದ ಮೇಲೆ ಒಮ್ಮೆಲೇ ಎರಗಿದರೆ, ತಲೆಬುರುಡೆಯೊಳಗಿನ ಊತವೇ ರೋಗಿಯ ಪ್ರಾಣಕ್ಕೆ ಎರವಾಗಬಹುದು.