ಆಕ್ಸಿಜನ್ ಸೆನ್ಸರ್ ಓದಿ ಇಂಧನದ ದೋಷ ಹುಡುಕುವ ಬಗೆ
ಪೆಟ್ರೋಲ್ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಸ್ಕ್ಯಾನರ್ (ಸೆನ್ಸರುಗಳ ಅಳತೆ ತೋರಿಸುವ ಉಪಕರಣ) ಜೋಡಿಸಬೇಕು. ಎಕ್ಸಾಸ್ಟ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಅದರ ಮಾತನ್ನು ನಂಬುವಂತಿಲ್ಲ. ಸಾಮಾನ್ಯ ಬಗೆಯ ಸೆನ್ಸರಿನ ವೋಲ್ಟೇಜು 0.1 ಮತ್ತು 0.9ರ ನಡುವೆ ತೂಗಾಡುತ್ತಿರಬೇಕು. ಅದು 0.45ಕ್ಕಿಂತ ಕೆಳಗಿಳಿದರೆ ಗಾಳಿ ಹೆಚ್ಚಾಯಿತೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ, ಮೇಲೇರಿದರೆ ಆ ಹೊತ್ತನ್ನು ಕಡಿಮೆ ಮಾಡುತ್ತದೆ. ಈ ತಿದ್ದುಪಡಿಯನ್ನೇ ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ.

ದೀರ್ಘಾವಧಿ ಟ್ರಿಮ್ (ಬಹುಹೊತ್ತು ಉಳಿದುಬಂದ ತಿದ್ದುಪಡಿ) ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶೇ. +15 (ಇಂಧನ ಅಷ್ಟು ಹೆಚ್ಚಿಸಲಾಗುತ್ತಿದೆ) ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಇಳಿದರೆ, ವ್ಯಾಕ್ಯೂಮ್ ಹೋಸಿನ ಬಿರುಕನ್ನೋ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಸೋರಿಕೆಯನ್ನೋ ಹುಡುಕಬೇಕು. ಭಾರ ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಇಂಧನ ಪಂಪಿನ ಒತ್ತಡವನ್ನು ಅಳೆಯಬೇಕು. ಸೆನ್ಸರನ್ನೇ ಬದಲಿಸುವ ಆತುರ ಬೇಡ (ಅದು ಅಗ್ಗದ ಬಿಡಿಭಾಗವಲ್ಲ): ಎಂಜಿನ್ನಿಗೂ ಸೆನ್ಸರಿಗೂ ನಡುವಿನ ಎಕ್ಸಾಸ್ಟ್ ಪೈಪಿನಲ್ಲಿ ಸಣ್ಣ ತೂತಿದ್ದರೂ ಹೊರಗಿನ ಗಾಳಿ ಒಳನುಗ್ಗಿ, ಸರಿಯಾಗಿರುವ ಸೆನ್ಸರೂ ಸುಳ್ಳು ಹೇಳುತ್ತದೆ.