ಮಾಡೆಲ್ ಹಡಗಿಗೆ ಸಮುದ್ರ ಮಾಡಿದ್ದು ಹೀಗೆ

ಸಮುದ್ರ ಮಾಡೋಕೆ ಯಾವ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ತಿಳಿ ದ್ರವ) ಒಳ್ಳೆಯದು, ಯಾವ ಜೆಲ್ (ಒಣಗಿದರೆ ತಿಳಿಯಾಗುವ ದಪ್ಪ ಲೇಪ) ತರಬೇಕು ಅಂತ ಹೊಸಬರು ಮೊದಲು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಬೇರೆಯೇ. ನಿಮ್ಮ ಹಡಗು ಎಷ್ಟು ವೇಗದಲ್ಲಿ ಹೋಗುತ್ತಿದೆ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಇವೆರಡಕ್ಕೆ ಉತ್ತರ ಇಲ್ಲದೆ ಎಂಥ ದುಬಾರಿ ಸಾಮಾನು ಸುರಿದರೂ ಅದು ಹೊಳೆಯುವ ನೀಲಿ ಹಲಗೆ ಅಷ್ಟೇ.

ಇಲ್ಲಿ ಹೇಳುತ್ತಿರುವುದು 1/350 ಅಳತೆಯ, ಅಂದರೆ ನಿಜವಾದ ಹಡಗಿನ 350ರಲ್ಲಿ ಒಂದು ಭಾಗ ಉದ್ದದ, ಫ್ಲವರ್ ಕ್ಲಾಸ್ ಕಾರ್ವೆಟ್ ಒಂದಕ್ಕೆ ನಾನು ಮಾಡಿದ ಸಮುದ್ರದ ವಿಷಯ. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುವ ಸರಕು ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದ ಪುಟ್ಟ ಹಡಗು. ಉದ್ದ ಸುಮಾರು 62 ಮೀಟರ್, ಹೆಚ್ಚೆಂದರೆ 16 ನಾಟ್ ವೇಗ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಒಂದೇ ಪ್ರೊಪೆಲ್ಲರ್. ಒದ್ದೆ ಹುಲ್ಲಿನ ಮೇಲಿಟ್ಟರೂ ಹೊರಳಾಡುತ್ತದೆ ಅಂತ ನಾವಿಕರು ಇದನ್ನು ತಮಾಷೆ ಮಾಡುತ್ತಿದ್ದರಂತೆ. ಇಂಥ ಹಡಗನ್ನು ಕನ್ನಡಿಯಂಥ ನೀರಿನ ಮೇಲೆ ನಿಲ್ಲಿಸಿದರೆ ಅದಕ್ಕೇ ಅವಮಾನ ಅಲ್ವಾ? ಹಾಗಾಗಿ ವೇಗ 12 ನಾಟ್, ಗಾಳಿ ಎಡಪಕ್ಕದಿಂದ ನೇರವಾಗಿ 20 ನಾಟ್ ಅಂತ ಕಾಗದದ ಮೇಲೆ ಬರೆದುಕೊಂಡು ಶುರು ಮಾಡಿದೆ.

20 ನಾಟ್ ಅಂದರೆ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 5ನೇ ಬಲದ ಗಾಳಿ. ತೆರೆದ ಸಮುದ್ರದಲ್ಲಿ ಆಗ ಅಲೆಗಳ ಎತ್ತರ ಸುಮಾರು 2 ಮೀಟರ್. ಇದನ್ನು 350ರಿಂದ ಭಾಗಿಸಿ ನೋಡಿ, 6 ಮಿಲಿಮೀಟರ್ ಕೂಡ ಆಗುವುದಿಲ್ಲ. 1/700ರಲ್ಲಾದರೆ 3 ಮಿಲಿಮೀಟರ್ ಒಳಗೇ. ಎಷ್ಟೋ ಡಯೋರಾಮಗಳು (ಮಾಡೆಲ್ ಇಟ್ಟು ಕಟ್ಟಿದ ದೃಶ್ಯಗಳು) ಎಡವುವುದು ಇಲ್ಲೇ. ಬೆರಳು ಗಾತ್ರದ ಅಲೆ ಎಬ್ಬಿಸಿ, ಪಕ್ಕದಲ್ಲಿ ಯುದ್ಧ ಹಡಗು ನಿಲ್ಲಿಸಿದರೆ ಹಡಗು ಆಟಿಕೆ ಆಗಿಬಿಡುತ್ತದೆ. ಕಣ್ಣು ಹಡಗಿನ ಗಾತ್ರವನ್ನು ಅಳೆಯುವುದು ಅಲೆಯಿಂದ. ಇನ್ನೊಂದು ಮಿತಿಯೂ ಇದೆ. ಅಲೆಯ ಎತ್ತರ ಅದರ ಉದ್ದದ (ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರ) ಏಳರಲ್ಲಿ ಒಂದು ಭಾಗ ದಾಟಿದರೆ ನಿಜವಾದ ಅಲೆ ಮುರಿದು ಬೀಳುತ್ತದೆ. ಹಾಗಾಗಿ 6 ಮಿಲಿಮೀಟರ್ ಎತ್ತರದ ಅಲೆಗೆ ಕಡಿಮೆ ಅಂದರೂ 42 ಮಿಲಿಮೀಟರ್ ಉದ್ದ ಬೇಕು. ನಾನು ಅದಕ್ಕಿಂತ ಜಾಸ್ತಿಯೇ ಕೊಡುತ್ತೇನೆ.

ಹಡಗು ತಾನೇ ಎಬ್ಬಿಸುವ ಅಲೆಯ ಲೆಕ್ಕ ಬೇರೆ. ಅದಕ್ಕೊಂದು ಸುಲಭ ಸೂತ್ರವಿದೆ. ನಾಟ್‌ನಲ್ಲಿರುವ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.17ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 12 ನಾಟ್‌ಗೆ ಸುಮಾರು 24.5 ಮೀಟರ್, ಅಂದರೆ ನನ್ನ ಅಳತೆಯಲ್ಲಿ 70 ಮಿಲಿಮೀಟರ್. ಹಡಗಿನ ಉದ್ದ 178 ಮಿಲಿಮೀಟರ್. ಹಾಗಾಗಿ ಹಡಗಿನ ಪಕ್ಕದಲ್ಲಿ ಎರಡೂವರೆ ಅಲೆ ಹಿಡಿಸಬೇಕು. ಮೂತಿಯಲ್ಲಿ ಒಂದು ಉಬ್ಬು, ಆಮೇಲೆ ತಗ್ಗು, ಮತ್ತೆ ಉಬ್ಬು, ಹೀಗೆ. ಇದೇ ಹಡಗನ್ನು 16 ನಾಟ್‌ಗೆ ಓಡಿಸಿದರೆ ಒಂದೂವರೆ ಅಲೆಗೆ ಬರುತ್ತದೆ. 30 ನಾಟ್‌ನಲ್ಲಿ ಹೋಗುವ ಯುದ್ಧ ಹಡಗು, ಫ್ಲೆಚರ್ ಕ್ಲಾಸ್ ಡೆಸ್ಟ್ರಾಯರ್‌ಗೆ ಅಲೆಯೇ ಹಡಗಿಗಿಂತ ಉದ್ದ, 150 ಮೀಟರ್ ಮೇಲೆ. ಅದರ ಹಿಂಬದಿ ನೀರಲ್ಲಿ ಕುಳಿತ ಹಾಗೆ ಕಾಣುವುದು ಅದಕ್ಕೇ. ಹಡಗಿನ ಪಕ್ಕದ ಈ ಏರಿಳಿತ ಸರಿ ಬಂದರೆ, ನೋಡುವವರಿಗೆ ಕಾರಣ ಗೊತ್ತಿಲ್ಲದಿದ್ದರೂ ಹಡಗು ಓಡುತ್ತಿದೆ ಅನ್ನಿಸುತ್ತದೆ.

ಹಡಗಿನ ಹಿಂದೆ ನೀರಿನಲ್ಲಿ ಬಿಚ್ಚಿಕೊಳ್ಳುವ ವಿ ಆಕಾರದ ಲೆಕ್ಕವನ್ನು ಬ್ರಿಟಿಷ್ ವಿಜ್ಞಾನಿ ಲಾರ್ಡ್ ಕೆಲ್ವಿನ್ 1887ರಲ್ಲೇ ಕೊಟ್ಟಿದ್ದಾನೆ. ಆಳದ ನೀರಿನಲ್ಲಿ ವೇಗ ಎಷ್ಟೇ ಇರಲಿ, ಒಂದೊಂದು ಬದಿಗೆ 19.5 ಡಿಗ್ರಿ, ಒಟ್ಟು 39. ತುಂಬಾ ವೇಗದ ಸಣ್ಣ ದೋಣಿಗಳಲ್ಲಿ ಮಾತ್ರ ಕಣ್ಣಿಗೆ ಕಾಣುವ ಕೋನ ಇದಕ್ಕಿಂತ ಕಿರಿದು. ಕೋನಮಾಪಕ ಇಟ್ಟು ಈ ಎರಡು ಗೆರೆಗಳನ್ನು ಬೇಸ್ ಮೇಲೆ ಪೆನ್ಸಿಲಿನಲ್ಲಿ ಎಳೆದುಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ವಿ ಅನ್ನು ಒಂದೇ ಉದ್ದನೆಯ ದಿಣ್ಣೆ ಮಾಡಬೇಡಿ. ವಿಮಾನದಿಂದ ಹತ್ತಿರದಲ್ಲಿ ತೆಗೆದ ಹಡಗಿನ ಫೋಟೋ ನೋಡಿದರೆ ಗೊತ್ತಾಗುತ್ತದೆ, ಅದು ಒಂದರ ಹಿಂದೆ ಒಂದು ಓರೆಯಾಗಿ ನಿಂತ ಚಿಕ್ಕ ಚಿಕ್ಕ ಅಲೆಗಳ ಸಾಲು.

ಬೇಸ್‌ಗೆ ಪ್ಲೈವುಡ್, ಅದರ ಮೇಲೆ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಫೋಮ್ (ಕಾಳುಗಳಿಲ್ಲದ ಗಟ್ಟಿ ಫೋಮ್ ಹಲಗೆ) ಹಾಕಿದೆ. ಸಾಧಾರಣ ಥರ್ಮಾಕೋಲ್ ಕೊರೆದರೆ ಕಾಳು ಕಾಳಾಗಿ ಉದುರುತ್ತದೆ, ಅದು ಬೇಡ. ಹಡಗನ್ನು ಅಂಚಿಗೆ ಸಮವಾಗಿ ಇಡದೆ ಸ್ವಲ್ಪ ಓರೆಯಾಗಿ ಇಟ್ಟು, ಹಿಂದೆ ಜಾಸ್ತಿ ಜಾಗ ಬಿಟ್ಟೆ. ಮುಂದೆ ಜಾಗ ಬಿಡಬೇಕು ಅನ್ನುವವರೂ ಇದ್ದಾರೆ. ನನಗೆ ಹಿಂದೆ ಬೇಕು, ನೋಡುವಂಥದ್ದೆಲ್ಲ ಇರುವುದು ಅಲ್ಲೇ. ಹಡಗಿನ ಸುತ್ತ ಗೆರೆ ಹಾಕಿ, ಫೋಮಿನಲ್ಲಿ ಗುಂಡಿ ಕೊರೆದು, ಮೂತಿ ಒಂಚೂರು ಮೇಲೆ, ಮೈ ಗಾಳಿ ಹೋಗುವ ಬದಿಗೆ ಒಂಚೂರು ವಾಲಿದ ಹಾಗೆ ಕೂರಿಸಿದೆ. ಮುಂದಿನ ಕೆಲಸವೆಲ್ಲ ಹಡಗಿನ ತಳಕ್ಕೆ ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿ ಮಾಡಿದ್ದು. ಬೇಕಾದಾಗ ಹಡಗನ್ನು ಎತ್ತಿ ಪಕ್ಕಕ್ಕಿಡಬಹುದು.

ಅಲೆ ಕೊರೆಯುವಾಗ ನೆನಪಿಡಬೇಕಾದ್ದು ಒಂದೇ. ಗಾಳಿ ಬರುವ ಕಡೆ ಇಳಿಜಾರು ನಿಧಾನ, ಗಾಳಿ ಹೋಗುವ ಕಡೆ ಕಡಿದು. ಮೊದಲು ಬ್ಲೇಡು, ಆಮೇಲೆ ಮರಳು ಕಾಗದ. ಸಾಲುಗಳು ಒಂದೇ ಅಂತರದಲ್ಲಿ ಬರಬಾರದು. ಕೆಲವು ಅರ್ಧಕ್ಕೇ ಸಾಯಬೇಕು, ಕೆಲವು ಒಂದಕ್ಕೊಂದು ಸೇರಬೇಕು.

ಇದರ ಮೇಲೆ ಚರ್ಮ. ಉಬ್ಬು ಚಿತ್ತಾರ ಇಲ್ಲದ ಸಾದಾ ಟಿಶ್ಯೂ ಪೇಪರ್ ತೆಗೆದುಕೊಳ್ಳಿ. ಚಿತ್ತಾರ ಇದ್ದರೆ ಬಣ್ಣ ಹಚ್ಚಿದ ಮೇಲೂ ಚುಕ್ಕೆಗಳು ಕಾಣುತ್ತವೆ. ಪದರ ಬಿಡಿಸಿ ಒಂದೇ ಎಳೆ ಹಾಸಿ, ಸಮಪಾಲು ನೀರು ಬೆರೆಸಿದ ಫೆವಿಕಾಲ್‌ನಂಥ ಬಿಳಿ ಅಂಟನ್ನು ಮೇಲಿಂದ ಹಚ್ಚಿದೆ. ಒದ್ದೆ ಇರುವಾಗಲೇ ಗಟ್ಟಿ ಬ್ರಶ್‌ನಿಂದ ಗಾಳಿಯ ದಿಕ್ಕಿಗೆ ಕಾಗದವನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಹೋದರೆ ಅಡ್ಡಡ್ಡ ಸುಕ್ಕು ಏಳುತ್ತವೆ. ದೊಡ್ಡ ಅಲೆಯ ಬೆನ್ನ ಮೇಲಿನ ಕಿರುತೆರೆಗಳು ಇವೇ. 1/350ರಲ್ಲಿ 1 ಮಿಲಿಮೀಟರ್ ಸುಕ್ಕು ಅಂದರೆ 35 ಸೆಂಟಿಮೀಟರ್ ತೆರೆ, ಸರಿಯಾಗಿಯೇ ಇದೆ. 1/700ಕ್ಕೆ ಈ ಸುಕ್ಕು ದಪ್ಪ. ಅಲ್ಲಿ ನಾನು ಟಿಶ್ಯೂ ಬಿಟ್ಟು ಬರೀ ಜೆಲ್ ಮೇಲೆ ಬ್ರಶ್ ಕುಟ್ಟುತ್ತೇನೆ.

ಇನ್ನು ಬಣ್ಣ. ಟ್ಯೂಬಿನಿಂದ ಬಂದ ನೀಲಿಯನ್ನು ಹಾಗೇ ಹಚ್ಚಿದರೆ ಅದು ಈಜುಕೊಳ. ಮೋಡ ಕವಿದ ಉತ್ತರ ಅಟ್ಲಾಂಟಿಕ್ ನನಗೆ ಬೇಕಿದ್ದದ್ದು. ಪ್ರಷ್ಯನ್ ನೀಲಿ, ಕಪ್ಪು, ಒಂಚೂರು ಹಸಿರು, ಮೇಲೆ ಬೂದು. ಎಲ್ಲವೂ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ. ಸ್ಪ್ರೇ ಡಬ್ಬಿಯ ಲ್ಯಾಕರ್ ನೇರವಾಗಿ ಫೋಮ್‌ಗೆ ತಾಗಿದರೆ ಫೋಮ್ ಕರಗುತ್ತದೆ, ಹುಷಾರು. ಬಣ್ಣ ನಿಮಗೆ ಸರಿ ಅನ್ನಿಸಿದ್ದಕ್ಕಿಂತ ಒಂದು ಪಟ್ಟು ಗಾಢ ಇರಲಿ. ಯಾಕೆಂದರೆ ನಿಜವಾದ ಸಮುದ್ರ ಆಕಾಶವನ್ನು ತೋರಿಸುತ್ತದೆ, ನಮ್ಮ ಸಮುದ್ರ ಕೋಣೆಯ ಸೂರು ಮತ್ತು ಬಲ್ಬನ್ನು ತೋರಿಸುತ್ತದೆ. ಮೇಲೆ ಹೊಳಪು ಬಂದ ತಕ್ಷಣ ಎಲ್ಲವೂ ಒಂದು ಹಂತ ತಿಳಿಯಾಗುತ್ತದೆ. ಅಲೆಯ ತಗ್ಗಿನಲ್ಲಿ ಅತಿ ಗಾಢ ಬಣ್ಣ. ತುದಿಯಲ್ಲಿ ನೀರು ತೆಳ್ಳಗಿದ್ದು ಬೆಳಕು ತೂರಿ ಬರುವುದರಿಂದ ಹಸಿರು ಛಾಯೆ. ಹಡಗಿನ ಹಿಂದೆ ಪ್ರೊಪೆಲ್ಲರ್ ಕಡೆದ ನೀರಿನಲ್ಲಿ ಗಾಳಿಯ ಗುಳ್ಳೆ ತುಂಬಿರುತ್ತದೆ. ಅಲ್ಲಿ ತಿಳಿ ಹಸಿರು ನೀಲಿಯ ಒಂದೇ ಪಟ್ಟಿ ಎಳೆದು, ದೂರ ಹೋದಂತೆ ಮಾಸಿಸಿದೆ. ಎರಡು ಪ್ರೊಪೆಲ್ಲರ್ ಇರುವ ಹಡಗಾದರೆ ಎರಡು ಪಟ್ಟಿ ಶುರುವಾಗಿ ಹಿಂದೆ ಒಂದಾಗುತ್ತವೆ.

ನೊರೆಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ನೊರೆ ಅಂದರೆ ಬಿಳಿ ಬಣ್ಣ ಅಲ್ಲ. ಹಳೇ ನೊರೆ ಬೇರೆ, ಹೊಸ ನೊರೆ ಬೇರೆ. ಹಡಗು ದಾಟಿಹೋದ ಮೇಲೆ ಉಳಿಯುವುದು ಹಳೇ ನೊರೆ, ನೀರಿನ ಮೇಲೆ ಹರಿದ ಬಲೆಯ ಹಾಗೆ ಹರಡಿರುತ್ತದೆ. ಇದನ್ನು ಜೆಲ್ ಹಾಕುವ ಮುಂಚೆಯೇ ಬರೆಯಬೇಕು. ಬಿಳಿಗೆ ಚಿಟಿಕೆ ಬೂದು ಸೇರಿಸಿ, ನೀರು ಬೆರೆಸಿ, ಹರಿದ ಸ್ಪಂಜಿನ ಚೂರಿನಿಂದ ತಟ್ಟಿ. ಒಣಗುವ ಮೊದಲು ಒದ್ದೆ ಬ್ರಶ್‌ನ ತುದಿಯನ್ನು ಅಲ್ಲಲ್ಲಿ ಒತ್ತಿದರೆ ಬಿಳಿ ಬದಿಗೆ ಸರಿದು ಸಣ್ಣ ಸಣ್ಣ ಕಿಂಡಿ ತೆರೆದುಕೊಳ್ಳುತ್ತವೆ, ಕೆಳಗಿನ ಗಾಢ ನೀರು ಇಣುಕುತ್ತದೆ. ಕಿಂಡಿಗಳ ಗಾತ್ರ ಹೆಚ್ಚು ಕಡಿಮೆ ಇರಲಿ. ಹಡಗಿನ ಹತ್ತಿರ ಕಿಂಡಿ ಚಿಕ್ಕದು, ಬಿಳಿ ಜಾಸ್ತಿ; ದೂರದಲ್ಲಿ ಕಿಂಡಿ ದೊಡ್ಡದಾಗಿ, ಕೊನೆಗೆ ಬರೀ ಎಳೆಗಳು ಉಳಿಯಬೇಕು. ಈ ಕೆಲಸಕ್ಕೆ ಅವಸರ ಆಗದು. ಒಂದು ಅಂಗೈಯಗಲ ಮುಗಿಸಿ ಎದ್ದು, ದೂರದಿಂದ ನೋಡಿ, ಮತ್ತೆ ಕೂರಬೇಕು.

ಹೊಸ ನೊರೆಯದು ಇದರ ತದ್ವಿರುದ್ಧ. ಮುರಿಯುತ್ತಿರುವ ಅಲೆಯ ತುದಿ, ಮೂತಿಯ ಅಲೆ, ಇವು ಜೆಲ್ ಆದ ಮೇಲೆ, ಎಲ್ಲಕ್ಕಿಂತ ಮೇಲೆ ಬರಬೇಕು. ಅದಕ್ಕೆ ಹೊಳಪು ಕೊಡಬಾರದು, ನೊರೆ ಹೊಳೆಯುವುದಿಲ್ಲ. 5ನೇ ಬಲದಲ್ಲಿ ಮುರಿದ ತುದಿಗಳು ಬಹಳ ಇರುತ್ತವೆ, ಆದರೆ ಎಲ್ಲಾ ಅಲೆಗೂ ಬಿಳಿ ಟೋಪಿ ಬೇಡ. ಗಾಳಿಯ ದಿಕ್ಕಿಗೆ ನೊರೆ ಪಟ್ಟೆ ಪಟ್ಟೆಯಾಗಿ ಹಾರುವುದು ಇದಕ್ಕೂ ಜೋರಾದ ಗಾಳಿಯಲ್ಲಿ.

ಜೆಲ್ ವಿಷಯ ಬೇಗ ಮುಗಿಸುತ್ತೇನೆ. ಗ್ಲಾಸ್ (ಹೊಳಪಿನ) ಹೆವಿ ಜೆಲ್ ಮೀಡಿಯಂ ಅಂತ ಸಿಗುವುದು ಸಾಕು. 1 ಮಿಲಿಮೀಟರಿನಷ್ಟು ತೆಳುವಾಗಿ ಹಚ್ಚಿ, ಬ್ರಶ್‌ನಿಂದ ಚೂಪು ತುದಿ ಎಬ್ಬಿಸಿ, ಬಿಡಿ. ಹಚ್ಚುವಾಗ ಬೆಳ್ಳಗಿರುತ್ತದೆ, ಒಣಗಿದರೆ ತಿಳಿಯಾಗುತ್ತದೆ. ದಪ್ಪ ಹಾಕಿದರೆ ಒಳಗೆ ಮಂಜು ಮಂಜಾಗಿ ಉಳಿಯುತ್ತದೆ. ಒಣಗಿದಂತೆ ಕುಗ್ಗುವುದರಿಂದ ಎತ್ತರ ಬೇಕಾದ ಕಡೆ ಇನ್ನೊಂದು ಪದರ. ಮೂತಿಯ ಅಲೆಗೆ ಪಾಲಿಯೆಸ್ಟರ್ ಫೈಬರ್‌ನ ಎಳೆಗಳನ್ನು ಕಾಣಿಸದಷ್ಟು ತೆಳ್ಳಗೆ ಎಳೆದು ಜೆಲ್‌ನಲ್ಲಿ ಅದ್ದಿ, ಮೂತಿಯಿಂದ ಹೊರಕ್ಕೆ ಮಗುಚುವ ಹಾಗೆ ಅಂಟಿಸಿದೆ. ಹತ್ತಿಯನ್ನು ಹಿಂಜದೆ ಉಂಡೆ ಇಟ್ಟರೆ ಹತ್ತಿ ಉಂಡೆಯೇ ಕಾಣುತ್ತದೆ.

ರೆಸಿನ್ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಎಪಾಕ್ಸಿ ರೆಸಿನ್ ತಾನೇ ಸಮತಟ್ಟಾಗುವ ವಸ್ತು. ಬಂದರಿನ ನಿಂತ ನೀರಿಗೆ, ತಳ ಕಾಣುವ ದಡಕ್ಕೆ ಅದನ್ನು ಬಿಟ್ಟರೆ ಬೇರೆ ಇಲ್ಲ. ಅಲೆ ಇರುವ ಕಡಲಿಗೆ ಅದು ಸುಮ್ನೆ ತಲೆನೋವು. ಹಡಗಿನ ಮೈ ಹತ್ತುತ್ತದೆ, ಒಮ್ಮೆಲೇ ಜಾಸ್ತಿ ಸುರಿದರೆ ಬಿಸಿ ಏರುತ್ತದೆ, ಬಿಸಿಲು ಬಿದ್ದರೆ ಬರುಬರುತ್ತಾ ಹಳದಿ ಆಗುತ್ತದೆ. ಬಳಸುವುದಾದರೆ ಕೈಗವಸು ಇರಲಿ, ಕಿಟಕಿ ತೆಗೆದಿಡಿ.

ಕ್ಲಿಂಗ್ ಫಿಲ್ಮ್ ಬಿಚ್ಚಿ ಹಡಗನ್ನು ಕೊನೆಯ ಸಲ ಕೂರಿಸಿದ ಮೇಲೆ ಸುತ್ತಲಿನ ಸಂದಿಗೆ ಜೆಲ್ ತುಂಬಿಸಿದೆ. ಆಮೇಲೆ ಬಹಳ ಜನ ಬಿಟ್ಟುಬಿಡುವ ಎರಡು ಕೆಲಸ. ಒಂದು, ಅಲೆ ತೊಳೆದು ಹೋಗುವ ಎತ್ತರದವರೆಗೆ ಹಡಗಿನ ಮೈಗೆ ಏರುಪೇರಾಗಿ ಹೊಳಪಿನ ವಾರ್ನಿಶ್. ಅದರ ಮೇಲೆಲ್ಲ ಮಂಕು, ಕೆಳಗೆ ಒದ್ದೆ. ಡೆಕ್‌ನಿಂದ ನೀರು ಹೊರಬೀಳುವ ಕಿಂಡಿಗಳ ಕೆಳಗೂ ಒಂದೊಂದು ಹೊಳೆಯುವ ಗೆರೆ. ಇನ್ನೊಂದು, ಧ್ವಜ. ಅಲೆಗಳು ಎಡದಿಂದ ಬಲಕ್ಕೆ ನೇರ ಹೋಗುತ್ತಿವೆ. ಆದರೆ ಹಡಗು ಮುಂದಕ್ಕೆ ಓಡುತ್ತಿರುವುದರಿಂದ ಡೆಕ್ ಮೇಲೆ ನಿಂತವನಿಗೆ ಗಾಳಿ ಎಡ ಮುಂಭಾಗದಿಂದ ಬಂದ ಹಾಗೆ. ಧ್ವಜವೂ ಹೊಗೆಯೂ ಬಲಕ್ಕೆ ಮತ್ತು ಹಿಂದಕ್ಕೆ ಹೋಗಬೇಕು. ಗಾಳಿ ಹಿಂದಿನಿಂದ 12 ನಾಟ್ ಇದ್ದಿದ್ದರೆ ಧ್ವಜ ಜೋತು ಬೀಳುತ್ತಿತ್ತು, ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ಕೊನೆಗೆ ನೊರೆ ಬಿಟ್ಟು ಉಳಿದ ನೀರಿಗೆ ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ವಾರ್ನಿಶ್ ಒಂದು ಕೋಟ್ ಕೊಟ್ಟೆ. ಅಕ್ರಿಲಿಕ್ ಜೆಲ್ ಸೆಕೆಯಲ್ಲಿ ಮೆತ್ತಗಾಗಿ ಧೂಳು ಹಿಡಿಯುತ್ತದೆ, ಈ ಕೋಟ್ ಇದ್ದರೆ ಮೆತ್ತನೆ ಬ್ರಶ್‌ನಿಂದ ಒರೆಸಿಬಿಡಬಹುದು. ಎಲ್ಲಿಗಾದರೂ ಒಯ್ಯುವುದಿದ್ದರೆ ಗುಳ್ಳೆ ಪ್ಲಾಸ್ಟಿಕ್ ಹಾಳೆಯನ್ನು ನೀರಿಗೆ ತಾಗಿಸಿ ಸುತ್ತಬೇಡಿ, ಅಂಟಿಕೊಂಡು ಗುರುತು ಬೀಳುತ್ತದೆ. ಬೇಸ್ ಅನ್ನು ಮಾತ್ರ ಡಬ್ಬಿಯ ತಳಕ್ಕೆ ಸ್ಕ್ರೂ ಹಾಕಿ ಬಿಗಿದು, ಮೇಲೆ ಏನೂ ಮುಟ್ಟದ ಹಾಗೆ ಮುಚ್ಚಿ.