ಸರ್ವಿಸ್ ಚಾರ್ಜ್ ಮಾರ್ಗಸೂಚಿ: ನಾನು ಮೊದಲು ಓದಿದ್ದು ಗಿರಾಕಿಯ ಭಾಗ

ಮಡಿಕೇರಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಕಡಂಬುಟ್ಟು, ಪಂದಿ ಕರಿ, ನೂಲ್‌ಪುಟ್ಟು, ಅಕ್ಕಿ ರೊಟ್ಟಿ. ಸೀಸನ್‌ನಲ್ಲಿ ಬೆಂಗಳೂರಿನವರೇ ಜಾಸ್ತಿ.

2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸರ್ವಿಸ್ ಚಾರ್ಜ್, ಅಂದ್ರೆ ಬಡಿಸಿದ್ದಕ್ಕೆ ಅಂತ ಊಟದ ಬಿಲ್‌ಗೆ ಸೇರಿಸೋ ಹಣದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ‘ಅದು ಸುಮ್ನೆ ಸಲಹೆ ಕಣ್ರೀ, ಕಾನೂನಲ್ಲ’ ಅಂತ ಪರಿಚಯದ ಹೋಟೆಲ್‌ನವರು ಹೇಳಿದರು. ಅವರ ಮಾತಿಗೂ ಕಾರಣ ಇತ್ತು, 2017ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾಗ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಈ ಸಲದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 18ನೇ ಕಲಮಿನ ಅಧಿಕಾರದಲ್ಲಿ ಬಂದದ್ದು. ಹಾಗಾಗಿ ಕೂತು ಓದಿದೆ.

ಹೋಟೆಲ್‌ನವರು ಏನು ಮಾಡಬಾರದು ಅನ್ನೋದು ಒಂದು ಭಾಗ. ಬಿಲ್‌ನಲ್ಲಿ ತಾನಾಗಿ ಸೇರಿಸಬಾರದು, ಬೇರೆ ಹೆಸರಿಟ್ಟು ವಸೂಲಿ ಮಾಡಬಾರದು, ಕೊಡಲ್ಲ ಅಂದವರನ್ನು ಬಾಗಿಲಲ್ಲೇ ತಡೆಯಬಾರದು, ಅದರ ಮೇಲೆ ಜಿಎಸ್‌ಟಿ ಹಾಕಬಾರದು. ಇದು ಎಲ್ಲರಿಗೂ ಗೊತ್ತಾಯಿತು. ಗಿರಾಕಿ ಏನು ಮಾಡಬಹುದು ಅನ್ನೋ ಇನ್ನೊಂದು ಭಾಗವನ್ನು ಮಾಲೀಕರು ಓದೋದೇ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡಿದೆ. ಮೊದಲು ಬಿಲ್‌ನಿಂದ ತೆಗೆಯಿರಿ ಅಂತ ಹೋಟೆಲ್‌ನಲ್ಲೇ ಕೇಳಬಹುದು, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್, ಇಲ್ಲವೇ ಆನ್‌ಲೈನ್‌ನಲ್ಲಿ ಗ್ರಾಹಕ ಆಯೋಗಕ್ಕೆ ದೂರು, ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರೆ ಅವರು ತನಿಖೆ ಮಾಡಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು.

ಇದರ ಜೊತೆ ಕಾಯ್ದೆಯನ್ನೂ ನೋಡಿ. ದೂರುದಾರ ತಾನು ವಾಸ ಮಾಡೋ ಊರಿನ ಆಯೋಗದಲ್ಲೇ ಕೇಸ್ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಂದ್ರೆ ಮೂವತ್ತು ನಲವತ್ತು ರೂಪಾಯಿಯ ಚಾರ್ಜ್‌ಗೆ ನಾನು ಘಾಟಿ ಇಳಿದು ಬೆಂಗಳೂರಿಗೆ ಅಲೆಯಬೇಕು!

ಬಿಲ್ಲಿಂಗ್ ಸಾಫ್ಟ್‌ವೇರ್‌ನವನಿಗೆ ಹೇಳಿ ಆ ಸಾಲನ್ನೇ ತೆಗೆಸಿದೆ. ಬಡಿಸೋ ಖರ್ಚು ತಿಂಡಿಯ ಬೆಲೆಯೊಳಗೇ ಸೇರಿದೆ ಅಂತ ಮಾರ್ಗಸೂಚಿಯೇ ಹೇಳುತ್ತಲ್ವಾ, ಅದಕ್ಕೆ ಕೆಲವು ಐಟಂಗಳ ದರ ಸ್ವಲ್ಪ ಏರಿಸಿ ಹೊಸ ಮೆನು ಅಚ್ಚು ಹಾಕಿಸಿದೆ. ಕಷ್ಟ ಆದದ್ದು ಹುಡುಗರಿಗೆ ಹೇಳೋದು. ‘ಅಣ್ಣಾ, ನಮ್ಮ ಪಾಲು?’ ಅಂದರು, ಕೇಳಿದ್ದು ನ್ಯಾಯವೇ. ಸಂಬಳದಲ್ಲಿ ಸ್ವಲ್ಪ ಸೇರಿಸಿದೆ, ಕೌಂಟರ್ ಹತ್ತಿರ ಟಿಪ್ಸ್ ಡಬ್ಬಿ ಇಟ್ಟೆ. ಊಟ ಆದಮೇಲೆ ಖುಷಿಯಿಂದ ಕೊಡೋ ಟಿಪ್ಸ್‌ಗೆ ಅಡ್ಡಿಯಿಲ್ಲ.

ಅದೇ ಜುಲೈ 20ಕ್ಕೆ ದೆಹಲಿ ಹೈಕೋರ್ಟ್ ಮಾರ್ಗಸೂಚಿಗೆ ತಡೆ ಕೊಟ್ಟಾಗ ಕೆಲವರು ನಕ್ಕರು. ಮೆನು ಅಚ್ಚಾಗಿತ್ತು, ಗಿರಾಕಿ ತಕರಾರೂ ನಿಂತಿತ್ತು, ಹಾಗಾಗಿ ನಾನು ಹಿಂದೆ ಹೋಗಲಿಲ್ಲ. 2025ರ ಮಾರ್ಚ್ 28ರಂದು ಅದೇ ಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಕೇಸ್ ಹಾಕಿದ್ದ ಹೋಟೆಲ್ ಸಂಘಗಳಿಗೆ ತಲಾ 1 ಲಕ್ಷ ದಂಡ ಹಾಕಿತು. ಆಮೇಲೆ ಮೇಲ್ಮನವಿಯೂ ಹೋಗಿದೆ. ಇಂಥ ಕಾಗದ ಕೈಗೆ ಬಂದರೆ ನಾನೀಗ ನೋಡೋದು ಮೂರೇ: ಯಾವ ಕಲಮಿನಡಿ ಬಂದಿದೆ, ಗಿರಾಕಿಗೆ ಯಾವ ದಾರಿ ಕೊಟ್ಟಿದೆ, ಕೋರ್ಟ್‌ನಲ್ಲಿ ಇವತ್ತಿನ ಸ್ಥಿತಿ ಏನು.